ಡಿಸ್ನಿ ವರ್ಲ್ಡ್ ಟಿಕೆಟ್ಟಿನಿಂದ ವರ್ಷದ ಪಾಸಿಗೆ: ಮನೆಮಂದಿಗೆಲ್ಲ ಬೇಡ, ಒಬ್ಬರಿಗೆ ಸಾಕು

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಐದು ದಿನದ ಟಿಕೆಟ್ ತಗೊಂಡು ಹೋದವರಿಗೆ ಎರಡು ಮೂರು ದಿನ ಕಳೆಯುವಷ್ಟರಲ್ಲಿ ಒಂದು ಆಸೆ ಹುಟ್ಟುತ್ತದೆ. ಹೇಗೂ ಇಷ್ಟು ದುಡ್ಡು ಕೊಟ್ಟಾಯ್ತು, ಇನ್ನೊಂದಿಷ್ಟು ಹಾಕಿದರೆ ವರ್ಷಪೂರ್ತಿ ಬರಬಹುದಲ್ಲ? ಡಿಸ್ನಿಯವರು ಇದಕ್ಕೆ ದಾರಿ ಇಟ್ಟಿದ್ದಾರೆ. ಟಿಕೆಟ್ಟಿಗೆ ಕೊಟ್ಟ ಹಣವನ್ನು ವರ್ಷದ ಪಾಸಿನ ಬೆಲೆಯಲ್ಲಿ ಕಳೆದು, ಉಳಿದದ್ದನ್ನಷ್ಟೇ ಕಟ್ಟಿಸಿಕೊಳ್ಳುತ್ತಾರೆ. ಸೇವೆ ಒಳ್ಳೆಯದೇ. ಆದರೆ ಅಪ್ಪ, ಅಮ್ಮ, ಎರಡು ಮಕ್ಕಳು ಎಂದು ನಾಲ್ವರದ್ದನ್ನೂ ಒಂದೇ ಏಟಿಗೆ ಪಾಸು ಮಾಡಿಸಿಕೊಂಡು ಬರುವುದು ಬಹಳಷ್ಟು ಕುಟುಂಬಗಳಿಗೆ ನಷ್ಟದ ಬಾಬತ್ತು.

ಪಾಸುಗಳಲ್ಲಿ ನಾಲ್ಕು ಬಗೆ. ಪಿಕ್ಸಿ ಡಸ್ಟ್ ಮತ್ತು ಪೈರೇಟ್ ಫ್ಲಾರಿಡಾದಲ್ಲಿ ವಾಸವಿರುವವರಿಗೆ ಮಾತ್ರ. ಸೋರ್ಸರರ್ ಅವರಿಗೂ ಡಿಸ್ನಿಯ ವೆಕೇಷನ್ ಕ್ಲಬ್ (ಡಿಸ್ನಿ ರೆಸಾರ್ಟುಗಳಲ್ಲಿ ಪಾಲು ಕೊಂಡವರ ಕೂಟ) ಸದಸ್ಯರಿಗೂ ಸಿಗುತ್ತದೆ. ಅಟ್ಲಾಂಟಾದಿಂದಲೋ ಷಾರ್ಲಟ್‌ನಿಂದಲೋ ಕಾರಿನಲ್ಲಿ ಬರುವ ನಮ್ಮ ಜನಕ್ಕೆ ಉಳಿಯುವುದು ಎಲ್ಲಕ್ಕಿಂತ ದುಬಾರಿಯಾದ ಇನ್‌ಕ್ರೆಡಿ-ಪಾಸ್ ಒಂದೇ. 2021ರ ಸೆಪ್ಟೆಂಬರ್‌ನಲ್ಲಿ ಬಂದಾಗ ಅದರ ಬೆಲೆ 1,299 ಡಾಲರ್ ಇತ್ತು, 2024ರ ಅಕ್ಟೋಬರ್‌ಗೆ 1,549 ಆಯಿತು, ಆಮೇಲೂ ಏರಿದೆ. ಇದರ ಮೇಲೆ ತೆರಿಗೆ ಬೇರೆ: ಆರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯಲ್ಲಿ ನೂರಕ್ಕೆ 6.5. ಬೋರ್ಡಿನ ಬೆಲೆ ನೋಡಿ ಲೆಕ್ಕ ಹಾಕಿಕೊಂಡು ಹೋದವರಿಗೆ ಕೌಂಟರ್‌ನಲ್ಲಿ ಒಬ್ಬೊಬ್ಬರ ಮೇಲೂ ನೂರು ಡಾಲರ್ ಹೆಚ್ಚಾಗಿ ಕಾಣುವುದು ಇದಕ್ಕೇ. ಮಕ್ಕಳ ಪಾಸಿಗೆ ರಿಯಾಯಿತಿ ಇಲ್ಲ. ಟಿಕೆಟ್ಟಿನಲ್ಲಿ 3ರಿಂದ 9 ವರ್ಷದವರಿಗೆ ದರ ಸ್ವಲ್ಪ ಕಡಿಮೆ. ಪಾಸಿನಲ್ಲಿ ನಾಲ್ಕು ವರ್ಷದ ಮಗುವಿಗೂ ನಲವತ್ತು ವರ್ಷದ ಅಪ್ಪನಿಗೂ ಒಂದೇ ಬೆಲೆ. ಹಾಗಾಗಿ ಅಪ್‌ಗ್ರೇಡ್ ಮಾಡುವಾಗ ಕೈಯಿಂದ ಹೆಚ್ಚು ಹಾಕಬೇಕಾಗುವುದು ಮಕ್ಕಳ ಟಿಕೆಟ್ಟಿಗೇ.

ಈಗ ಲೆಕ್ಕಕ್ಕೆ ಬರೋಣ. ಟಿಕೆಟ್ ದರ ತಾರೀಕಿಗೊಂದರಂತೆ ಬದಲಾಗುವುದರಿಂದ ಒಂದು ಅಂದಾಜು ಇಟ್ಟುಕೊಳ್ಳಿ: ದೊಡ್ಡವರೊಬ್ಬರ ಐದು ದಿನದ ಟಿಕೆಟ್ಟಿಗೆ ತೆರಿಗೆ ಸೇರಿ 650 ಡಾಲರ್, ಪಾಸಿಗೆ 2024ರ ಬೆಲೆಯಲ್ಲಿ ತೆರಿಗೆ ಸೇರಿ 1,650. ವರ್ಷದಲ್ಲಿ ಎರಡು ಸಲ ಐದೈದು ದಿನ ಹೋದರೆ ಬರೀ ಟಿಕೆಟ್ಟಿನಲ್ಲೇ 1,300ಕ್ಕೆ ಮುಗಿಯುತ್ತದೆ. ಅಂದರೆ ಪಾಸು ಮಾಡಿಸಿದವರು 350 ಡಾಲರ್ ಹೆಚ್ಚು ಕೊಟ್ಟಂತಾಯಿತು. ಮೂರನೇ ಸಲ ಹೋದರೆ ಟಿಕೆಟ್ ಖರ್ಚು 1,950. ಆಗ ಪಾಸು ಗೆದ್ದಿತು. ‘ಎರಡು ಸಲ ಹೋದರೆ ದುಡ್ಡು ವಸೂಲಿ’ ಎಂಬ ಮಾತು ಇನ್‌ಕ್ರೆಡಿ-ಪಾಸಿನ ಮಟ್ಟಿಗೆ ಟಿಕೆಟ್ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಆ 350 ಎಲ್ಲಿಂದ ವಾಪಸ್ ಬರಬೇಕು? ಪಾಸಿನ ಜೊತೆ ಬರುವ ಸವಲತ್ತುಗಳಿಂದ. ಪಾರ್ಕಿಂಗ್ ಉಚಿತ, ಇಲ್ಲದಿದ್ದರೆ 2024ರ ದರದಲ್ಲಿ ದಿನಕ್ಕೆ 30 ಡಾಲರ್. ಅಂಗಡಿ ಸಾಮಾನಿನ ಮೇಲೆ ಹೆಚ್ಚೆಂದರೆ ನೂರಕ್ಕೆ 20, ಕೆಲವು ರೆಸ್ಟೊರೆಂಟುಗಳಲ್ಲಿ ಹೆಚ್ಚೆಂದರೆ ನೂರಕ್ಕೆ 10 ಕಡಿತ. ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ಪಾಸಿದ್ದವರಿಗೆಂದು ಆಗಾಗ ಬಿಡುವ ರೂಮ್ ರಿಯಾಯಿತಿಯೂ ಇದೆ. ಇಲ್ಲಿ ಗಮನಿಸಬೇಕಾದ್ದು ಒಂದೇ: ಕಾರು ಒಂದು, ರೂಮು ಒಂದು, ಬಿಲ್ಲು ಕೊಡುವ ಕೈಯೂ ಸಾಮಾನ್ಯವಾಗಿ ಒಂದು. ಮನೆಯಲ್ಲಿ ಒಬ್ಬರ ಹತ್ತಿರ ಪಾಸಿದ್ದರೆ ಈ ಎಲ್ಲ ಲಾಭ ಪೂರ್ತಿ ಕುಟುಂಬಕ್ಕೆ ಸಿಕ್ಕಿಬಿಡುತ್ತದೆ. ಎರಡನೆಯ ಪಾಸಿನಿಂದ ಪಾರ್ಕಿಂಗ್ ಇನ್ನೊಮ್ಮೆ ಉಚಿತವಾಗುವುದಿಲ್ಲ. ಪಾಸು ಆಗುವ ಮೊದಲ ದಿನ ಬಿಟ್ಟು ಉಳಿದ ಒಂಬತ್ತು ದಿನದ ಪಾರ್ಕಿಂಗ್ 270 ಡಾಲರ್, ಮಕ್ಕಳು ಹಟ ಹಿಡಿದು ಕೊಡಿಸಿಕೊಂಡ ಗೊಂಬೆ ಟೀ ಶರ್ಟುಗಳ ಮೇಲಿನ ಕಡಿತ, ಎರಡನೇ ಪ್ರವಾಸದ ರೂಮಿನಲ್ಲಿ ಉಳಿದದ್ದು, ಇಷ್ಟು ಸೇರಿದರೆ ಮೊದಲ ಪಾಸು ಸಲೀಸಾಗಿ ಗಿಟ್ಟುತ್ತದೆ. ಎರಡನೆಯದು, ಮೂರನೆಯದು, ನಾಲ್ಕನೆಯದು ತಲಾ 350 ನಷ್ಟದಲ್ಲೇ ಉಳಿಯುತ್ತವೆ. ಮಕ್ಕಳದ್ದು ಇನ್ನೂ ತುಸು ಹೆಚ್ಚು.

ಒಂದು ಎಚ್ಚರಿಕೆ. ಡಿಸ್ನಿ ಹೋಟೆಲಿನಲ್ಲೇ ಉಳಿದವರಿಗೆ ಪಾರ್ಕುಗಳಲ್ಲಿ ಪಾರ್ಕಿಂಗ್ ಮೊದಲೇ ಉಚಿತ. ಅವರು ಪಾಸಿನ ಲಾಭದ ಪಟ್ಟಿಯಲ್ಲಿ ಪಾರ್ಕಿಂಗ್ ಹಣವನ್ನೂ ಬರೆದುಕೊಂಡರೆ ಲೆಕ್ಕ ಹಾರಿಹೋಗುತ್ತದೆ. ಊಟದ ಕಡಿತವನ್ನೂ ಬಹಳ ನೆಚ್ಚಬೇಡಿ. ಹೊರಗಿನ ತಿಂಡಿ ಒಳಗೆ ಒಯ್ಯಲು ಬಿಡುತ್ತಾರೆ, ಗಾಜಿನ ಡಬ್ಬಿ ಮತ್ತು ಮದ್ಯ ಇರಬಾರದು ಅಷ್ಟೆ. ಚಪಾತಿ ಪಲ್ಯ, ಪುಳಿಯೋಗರೆ ಕಟ್ಟಿಕೊಂಡು ಹೋಗುವ ಮನೆಯವರಿಗೆ ಆ ಹತ್ತು ಪರ್ಸೆಂಟಿನಿಂದ ದೊಡ್ಡ ಉಳಿತಾಯವೇನೂ ಆಗದು. ರೈಡುಗಳ ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಯಾವ ಪಾಸಿನಲ್ಲೂ ಇಲ್ಲ, ಬೇರೆ ದುಡ್ಡು.

ಅಪ್‌ಗ್ರೇಡ್ ಮಾಡಿಸುವುದು ಯಾವಾಗ ಎಂಬುದಕ್ಕೆ ಪಾಸಿನ ವರ್ಷ ಯಾವತ್ತು ಶುರು ಎಂದು ತಿಳಿದಿರಬೇಕು. ಬಳಸಿದ ಟಿಕೆಟ್ಟನ್ನು ಪಾಸು ಮಾಡಿಸಿದರೆ, ವರ್ಷ ಎಣಿಸುವುದು ಕೌಂಟರ್‌ನಲ್ಲಿ ದುಡ್ಡು ಕಟ್ಟಿದ ದಿನದಿಂದಲ್ಲ, ಆ ಟಿಕೆಟ್ಟಿನಲ್ಲಿ ಮೊದಲ ಸಲ ಗೇಟು ದಾಟಿದ ದಿನದಿಂದ. ತಡಮಾಡಿದರೆ ಕೊನೆಯಲ್ಲಿ ದಿನ ಹೆಚ್ಚು ಸಿಗುವುದಿಲ್ಲ, ಈ ಪ್ರವಾಸದ ಪಾರ್ಕಿಂಗ್ ಮತ್ತು ಕಡಿತ ಮಾತ್ರ ಕೈತಪ್ಪುತ್ತದೆ. ಆದ್ದರಿಂದ ಕಾರು ಓಡಿಸುವವರ ಟಿಕೆಟ್ಟನ್ನು ಮೊದಲ ದಿನವೇ ಮಾಡಿಸಿ. ಉಳಿದವರದ್ದನ್ನು ಮಾಡಿಸಲೇಬೇಕೆಂದಿದ್ದರೆ ಕೊನೆಗಿಂತ ಒಂದು ದಿನ ಮೊದಲು ಮಾಡಿಸಿದರೆ ಸಾಕು. ಮಕ್ಕಳಿಗೆ ನಿಜಕ್ಕೂ ಮತ್ತೆ ಬರುವ ಮನಸ್ಸಿದೆಯೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗಿ ಮುಂದಿನ ಕ್ರಿಸ್‌ಮಸ್‌ಗೂ ಅದೇ ಪಾಸಿನಲ್ಲಿ ಹೋಗುವ ಯೋಚನೆ ಇದ್ದರೆ ತಾರೀಕು ನೋಡಿಕೊಳ್ಳಿ. ಡಿಸೆಂಬರ್ 20ಕ್ಕೆ ಮೊದಲ ಸಲ ಒಳಹೋದ ಪಾಸು ಮುಂದಿನ ವರ್ಷದ ಕ್ರಿಸ್‌ಮಸ್ ದಿನಕ್ಕೆ ಬದುಕಿರುವುದಿಲ್ಲ.

ಟಿಕೆಟ್ಟಿಗೂ ಗಡುವಿದೆ. ಐದು ದಿನದ ಟಿಕೆಟ್ಟನ್ನು ಎಂಟು ದಿನದೊಳಗೆ, ನಾಲ್ಕು ದಿನದ್ದನ್ನು ಏಳು ದಿನದೊಳಗೆ, ಮೂರು ದಿನದ್ದನ್ನು ಐದು ದಿನದೊಳಗೆ ಬಳಸಬೇಕು. ಆ ಅವಧಿ ಮುಗಿದರೆ ಬಳಸಿದ ಟಿಕೆಟ್ಟಿನ ಹಣವನ್ನು ಪಾಸಿಗೆ ಹಾಕಿಕೊಳ್ಳಲು ಬರುವುದಿಲ್ಲ. ಎಲ್ಲ ದಿನಗಳನ್ನೂ ಬಳಸಿಬಿಟ್ಟಿದ್ದರೆ ಕೊನೆಯ ದಿನ ಪಾರ್ಕಿನಿಂದ ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ. ಪಟಾಕಿ ಪ್ರದರ್ಶನ ಮುಗಿಸಿ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ರಾತ್ರಿ ಹತ್ತಕ್ಕೆ ಗೆಸ್ಟ್ ರಿಲೇಷನ್ಸ್ ಕೌಂಟರಿನ ಸಾಲಿನಲ್ಲಿ ನಿಲ್ಲುವವರು ಕಡಿಮೆಯೇನಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ, ಬೆಳಗಿನ ನೂಕುನುಗ್ಗಲೂ ಇರುವುದಿಲ್ಲ.

ಕೌಂಟರ್ ಕೆಲಸ ಸುಲಭ. ನಾಲ್ಕೂ ಪಾರ್ಕುಗಳ ಮುಂಬಾಗಿಲ ಹತ್ತಿರ ಗೆಸ್ಟ್ ರಿಲೇಷನ್ಸ್ ಇದೆ, ಅಂಗಡಿ ಹೋಟೆಲುಗಳ ಬೀದಿಯಾದ ಡಿಸ್ನಿ ಸ್ಪ್ರಿಂಗ್ಸ್‌ನಲ್ಲೂ ಇದೆ. ಫೋಟೊ ಇರುವ ಗುರುತಿನ ಚೀಟಿ, ಟಿಕೆಟ್ ಇರುವ ಆ್ಯಪ್, ಕಾರ್ಡ್ ಇಷ್ಟಿದ್ದರೆ ಆಯಿತು. ಫ್ಲಾರಿಡಾ ವಾಸಿಗಳ ಪಾಸಾದರೆ ಅಲ್ಲಿನ ವಿಳಾಸದ ದಾಖಲೆಯೂ ಬೇಕು. ಟಿಕೆಟ್ ಸ್ಕ್ಯಾನ್ ಮಾಡಿದ ಕೂಡಲೇ, ಕಾರ್ಡ್ ಕೊಡುವ ಮುಂಚೆ, ‘ಈ ಟಿಕೆಟ್ಟಿಗೆ ಎಷ್ಟು ಹಿಡಿದಿದ್ದೀರಿ?’ ಎಂದು ಕೇಳಿ. ಡಿಸ್ನಿಯಲ್ಲೇ ನೇರ ಕೊಂಡ ಟಿಕೆಟ್ಟಿನಲ್ಲಿ ಗೊಂದಲ ಕಡಿಮೆ. ಬೇರೆ ಏಜೆಂಟರ ಹತ್ತಿರ ಅಗ್ಗಕ್ಕೆ ಕೊಂಡದ್ದು, ಕಂಪನಿಯ ಮೂಲಕ ಬಂದದ್ದು, ಪುಕ್ಕಟೆ ಸಿಕ್ಕಿದ್ದು ಆದರೆ ಹಿಡಿಯುವ ಮೊತ್ತ ಬೇರೆ ಇರಬಹುದು, ಕೆಲವನ್ನು ಒಪ್ಪದೆಯೂ ಇರಬಹುದು. ಹೆಂಡತಿಯ ಟಿಕೆಟ್ಟಿನ ಹಣವನ್ನು ಗಂಡನ ಪಾಸಿಗೆ ಸೇರಿಸಲು ಆಗದು.

ನಮ್ಮವರಿಗೇ ಬರುವ ತೊಡಕು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಬರೀ ಹೆಸರಿದ್ದು ಸರ್‌ನೇಮ್ ಖಾಲಿ ಇರುವವರು, ಅಪ್ಪನ ಹೆಸರನ್ನೇ ಕೊನೆಗೆ ಹಾಕಿಕೊಂಡವರು, ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದವರು ನಮ್ಮಲ್ಲಿ ಸಾಕಷ್ಟು. ಆ್ಯಪ್‌ನಲ್ಲಿ ಎರಡೂ ಭಾಗ ತುಂಬಬೇಕಾದ್ದರಿಂದ ಗಂಡ ಒಂದು ಸಲ ‘ಕೆ’ ಎಂದು ಇನಿಷಿಯಲ್ ಹಾಕಿ, ಹೆಂಡತಿ ತನ್ನ ಫೋನಿನಲ್ಲಿ ಪೂರ್ತಿ ಹೆಸರು ಬರೆದು, ಒಬ್ಬರಿಗೇ ಎರಡು ಪ್ರೊಫೈಲ್ ಆಗಿಬಿಡುತ್ತವೆ. ಟಿಕೆಟ್ ಒಂದರಲ್ಲಿ, ಹೋಟೆಲ್ ಬುಕಿಂಗ್ ಇನ್ನೊಂದರಲ್ಲಿ. ಪಾಸು ತಪ್ಪು ಪ್ರೊಫೈಲಿಗೆ ಹೋಗಿ ಕೂತರೆ, ಇಂಥ ದಿನ ಇಂಥ ಪಾರ್ಕಿಗೆ ಎಂದು ಮೊದಲೇ ರಿಸರ್ವೇಷನ್ ಮಾಡಲು ಹೋದಾಗ ಪಾಸೇ ಕಾಣಿಸುವುದಿಲ್ಲ. ಗುರುತಿನ ಚೀಟಿಯಲ್ಲಿರುವಂತೆ ಒಂದೇ ಹೆಸರಿಟ್ಟುಕೊಂಡು, ಎರಡು ಪ್ರೊಫೈಲ್ ಇದ್ದರೆ ಕೌಂಟರ್‌ನಲ್ಲೇ ಒಂದು ಮಾಡಿಸಿ.

ಈ ಸೇವೆಯ ದೊಡ್ಡ ಕೊರತೆ ಎಂದರೆ ರಿಸರ್ವೇಷನ್. ತಾರೀಕು ಹಾಕಿದ ಸಾಮಾನ್ಯ ಟಿಕೆಟ್ಟಿಗೆ 2024ರ ಜನವರಿ 9ರಿಂದ ಪಾರ್ಕ್ ರಿಸರ್ವೇಷನ್ ಬೇಕಿಲ್ಲ. ಪಾಸಿಗೆ ಬೇಕು! ಹೆಚ್ಚು ದುಡ್ಡು ಕೊಟ್ಟವರಿಗೆ ಕಟ್ಟುಪಾಡು ಹೆಚ್ಚು. ನಿನ್ನೆ ಟಿಕೆಟ್ಟಿನಲ್ಲಿ ಸೀದಾ ಒಳಹೋದ ಅಪ್ಪ ಇವತ್ತು ಪಾಸಿನವನಾಗಿ ಗೇಟಿನಲ್ಲಿ ನಿಂತಿರುತ್ತಾನೆ, ಹೆಂಡತಿ ಮಕ್ಕಳು ಟಿಕೆಟ್ಟಿನಲ್ಲಿ ಒಳಗೆ ಹೋಗಿರುತ್ತಾರೆ. ಮಧ್ಯಾಹ್ನ ಎರಡರ ನಂತರ ರಿಸರ್ವೇಷನ್ ಇಲ್ಲದೆ ಬಿಡುತ್ತಾರೆ, ಶನಿವಾರ ಭಾನುವಾರದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್ ಬಿಟ್ಟು. ರಿಸರ್ವೇಷನ್ ಬೇಡವೆಂದು ಅವರೇ ಮೊದಲು ಘೋಷಿಸಿದ ದಿನಗಳೂ ಇವೆ. ಇವನ್ನು ನಂಬಿ ಕೂರದೆ, ಪಾಸು ಕೈಗೆ ಬಂದ ತಕ್ಷಣ ಕೌಂಟರ್ ಬಿಡುವ ಮುಂಚೆ ಉಳಿದ ದಿನಗಳಿಗೆಲ್ಲ ರಿಸರ್ವೇಷನ್ ಹಾಕಿಕೊಳ್ಳಿ. ಇನ್‌ಕ್ರೆಡಿ-ಪಾಸಿನಲ್ಲಿ ಒಮ್ಮೆಗೆ ಐದು ಇಟ್ಟುಕೊಳ್ಳಬಹುದು, ಪಿಕ್ಸಿ ಡಸ್ಟ್‌ನಲ್ಲಿ ಮೂರು.

ಹೊರಡುವ ಮುಂಚೆ ಪಾಸು ಮಾರಾಟ ನಡೆಯುತ್ತಿದೆಯೇ ಎಂದೂ ನೋಡಿಕೊಳ್ಳಿ. 2021ರ ನವೆಂಬರ್‌ನಲ್ಲಿ ಪಿಕ್ಸಿ ಡಸ್ಟ್ ಬಿಟ್ಟು ಉಳಿದ ಹೊಸ ಪಾಸುಗಳ ಮಾರಾಟ ನಿಲ್ಲಿಸಿ, ಮತ್ತೆ ತೆರೆದದ್ದು 2023ರ ಏಪ್ರಿಲ್‌ನಲ್ಲಿ.

ಫ್ಲಾರಿಡಾದಲ್ಲೇ ಮನೆ ಇರುವವರ ಲೆಕ್ಕ ಬೇರೆ. ಒಂದು ದಿನದ ಟಿಕೆಟ್ಟೇ ನೂರು ಡಾಲರ್ ದಾಟುವಾಗ ಪಿಕ್ಸಿ ಡಸ್ಟ್ ನಾಲ್ಕೈದು ದಿನದಲ್ಲಿ ವಸೂಲಾಗುತ್ತದೆ. ಆದರೆ ಅದು ಹೆಚ್ಚುಕಡಿಮೆ ವಾರದ ದಿನಗಳಿಗೆ ಮಾತ್ರ. ಶಾಲೆಗೆ ಹೋಗುವ ಮಕ್ಕಳಿದ್ದರೆ ಪೈರೇಟ್‌ನಿಂದ ಶುರು ಮಾಡುವುದೇ ವಾಸಿ. ಬಡ್ಡಿಯಿಲ್ಲದ ತಿಂಗಳ ಕಂತೂ ಅವರಿಗೆ ಸಿಗುತ್ತದೆ, ಮಧ್ಯದಲ್ಲಿ ಕೈಬಿಡಲು ಬರುವುದಿಲ್ಲ. ಎಚ್-1ಬಿ ವೀಸಾ ಮೇಲಿದ್ದು ವರ್ಷದೊಳಗೆ ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋಗುವ ಸಂಭವವಿದ್ದರೆ ನಾಲ್ಕು ಪಾಸಿನ ಕಂತು ಬೆನ್ನಿಗೆ ಬರುತ್ತದೆ ಎಂಬುದು ನೆನಪಿರಲಿ.

ಊರಿಂದ ಬಂದ ಅಜ್ಜಿ ತಾತನಿಗೆ ಪಾಸು ಬೇಡವೇ ಬೇಡ. ಅವರು ಇರುವುದು ಹೆಚ್ಚೆಂದರೆ ಆರು ತಿಂಗಳು, ಬಿಸಿಲಲ್ಲಿ ಎರಡು ದಿನ ನಡೆದರೆ ಮೂರನೆಯ ದಿನ ಹೋಟೆಲಿನಲ್ಲೇ ಉಳಿಯುತ್ತೇವೆ ಎನ್ನುತ್ತಾರೆ. ಮೂರು ವರ್ಷ ತುಂಬದ ಮಗುವಿಗೆ ಟಿಕೆಟ್ಟೂ ಇಲ್ಲ, ಪಾಸೂ ಇಲ್ಲ. ಎರಡನೇ ಪ್ರವಾಸದ ಹೊತ್ತಿಗೆ ಮೂರು ತುಂಬಿದ್ದರೆ ಆಗ ಅದಕ್ಕೆ ಟಿಕೆಟ್ ಕೊಂಡರಾಯಿತು.