ಪ್ರವಾಸದ ಬರಹದಲ್ಲಿ ಕರಾವಳಿ ಕಡೆ ಹೋಗೋದಕ್ಕೆ ಇಂಗ್ಲಿಷಿನಲ್ಲಿ ಕೋಸ್ಟ್‌ವೈಸ್ (coastwise) ಅನ್ನಬೇಕಾ, ಕೋಸ್ಟ್‌ವರ್ಡ್ (coastward) ಅನ್ನಬೇಕಾ?

ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯ 14 ತಿರುವು ಇಳಿದು ಸೋಮೇಶ್ವರದ ಕಡೆ ಹೋಗ್ತೀರಲ್ವಾ, ಅದು ಕೋಸ್ಟ್‌ವರ್ಡ್: ಕರಾವಳಿಯ ಕಡೆಗೆ. ಮಂಗಳೂರಿಂದ ಹೊರಟ ಹಡಗು ಮಲ್ಪೆ, ಭಟ್ಕಳದ ಪಕ್ಕದಲ್ಲೇ ದಡ ಬಿಡದೆ ಕಾರವಾರಕ್ಕೆ ಹೋದರೆ ಅದು ಕೋಸ್ಟ್‌ವೈಸ್: ಕರಾವಳಿಯ ಉದ್ದಕ್ಕೂ. ಘಾಟಿ ಇಳಿಯುವ ಬಸ್ಸಿಗೆ ಕೋಸ್ಟ್‌ವೈಸ್ ಅಂತ ಬರೆದರೆ ದಿಕ್ಕೇ ತಪ್ಪುತ್ತದೆ.

ಕೋಸ್ಟ್‌ವೈಸ್ ಜಾಸ್ತಿ ಕಾಣೋದು ಹಡಗು ಸಾಗಣೆಯಲ್ಲಿ. ಒಂದೇ ದೇಶದ ಬಂದರುಗಳ ನಡುವಿನ ವ್ಯಾಪಾರಕ್ಕೆ ಈ ಪದ. ಇಂಥ ಸಾಗಣೆಯ ಬಗ್ಗೆ ಅಮೆರಿಕ 1920ರಲ್ಲಿ ಮಾಡಿದ ಜೋನ್ಸ್ ಆ್ಯಕ್ಟ್ ಅನ್ನೋ ಕಾನೂನಿನ ಬಗ್ಗೆ ಓದಿದರೆ ಮತ್ತೆ ಮತ್ತೆ ಸಿಗುತ್ತದೆ. ಕೋಸ್ಟ್‌ವರ್ಡ್ ಬಳಕೆ ಕಮ್ಮಿ. ಮೀನು ಹಿಡಿದು ದಡಕ್ಕೆ ವಾಪಸ್ ಬರುವ ದೋಣಿಗೂ ಅದೇ ಸಲ್ಲುತ್ತದೆ, ಘಾಟಿಯಿಂದ ಇಳಿಯುವ ಬಸ್ಸಿಗೂ. ಹಾಗಾಗಿ ಪ್ರವಾಸದ ಬರಹಕ್ಕೆ ನಾನಾದ್ರೆ ಸುಮ್ನೆ 'ಟುವರ್ಡ್ಸ್ ದ ಕೋಸ್ಟ್' ಅಂತಲೇ ಬರೆಯುತ್ತೇನೆ, ಯಾರಿಗೂ ಗೊಂದಲ ಇರಲ್ಲ.