ಬುಡದವರೆಗೆ ಹೋಗುವ ಬಾಚಣಿಗೆ: ಮೋಡ ಕಳೆದುಹೋಗಿ ಸಿಕ್ಕ ಮೇಲೆ ಬರೆದ ರಿವ್ಯೂ

ಇದು ಒಂದು ಸ್ಟೀಲ್ ಬಾಚಣಿಗೆಯ ರಿವ್ಯೂ. ಹಿಡಿ ಇಲ್ಲ, ಬಟನ್ ಇಲ್ಲ. ಸುಮಾರು 19 ಸೆಂಟಿಮೀಟರ್ ಉದ್ದ. ಅರ್ಧ ಭಾಗದಲ್ಲಿ ಹಲ್ಲುಗಳು ಬಿಡಿಬಿಡಿಯಾಗಿವೆ, ಇನ್ನರ್ಧದಲ್ಲಿ ಒತ್ತೊತ್ತಾಗಿವೆ. ಎರಡೂವರೆ ವರ್ಷದಿಂದ ದಿನಾ ಬಳಸುತ್ತಿದ್ದೇನೆ, ಮೂರು ಬೆಕ್ಕುಗಳಿಗೆ. ಮೂರಕ್ಕೂ ಉದ್ದ ಕೂದಲು. ಐದರಲ್ಲಿ ಐದು ಕೊಡುತ್ತೇನೆ. ಯಾಕೆ ಅನ್ನುವುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೋಡ ನಮ್ಮ ಬೂದು ಬಣ್ಣದ ಪರ್ಷಿಯನ್ ಬೆಕ್ಕು. ಆಗ ಅವಳಿಗೆ ನಾಲ್ಕು ವರ್ಷ. ಹಳೆಯ ಸೋಫಾದ ಬಟ್ಟೆ ಬದಲಿಸಲು ಕೊಟ್ಟಿದ್ದೆವು, ರಿಪೇರಿಯವರು ಗಾಡಿ ತಂದು ಒಯ್ದರು. ಸೋಫಾದ ತಳಕ್ಕೆ ತೆಳ್ಳಗಿನ ಕಪ್ಪು ಬಟ್ಟೆ ಹೊಡೆದಿರುತ್ತಾರಲ್ಲ, ಅದು ಒಂದು ಮೂಲೆಯಲ್ಲಿ ಹರಿದಿತ್ತು. ಅಲ್ಲಿಂದ ಒಳಗೆ ತೂರಿ, ಸ್ಪ್ರಿಂಗ್‌ಗಳ ನಡುವೆ ಮಲಗುವುದನ್ನು ಅವಳು ಅಭ್ಯಾಸ ಮಾಡಿಕೊಂಡಿದ್ದಳು. ಅದು ನಮಗೆ ಗೊತ್ತೇ ಇರಲಿಲ್ಲ. ಸಂಜೆ ಊಟದ ಬಟ್ಟಲು ಸದ್ದು ಮಾಡಿದರೂ ಅವಳು ಬರಲಿಲ್ಲ. ಮನೆಯೆಲ್ಲ ಹುಡುಕಿ, ಕಪಾಟು, ವಾಷಿಂಗ್ ಮೆಷಿನ್, ಅಟ್ಟ ಎಲ್ಲ ನೋಡಿ, ಕೊನೆಗೆ ಸೋಫಾ ಇದ್ದ ಖಾಲಿ ಜಾಗ ಕಣ್ಣಿಗೆ ಬಿದ್ದಾಗ ಎದೆ ಧಸಕ್ ಎಂದಿತು. ಫೋನ್ ಮಾಡಿದರೆ ಅವರು ಹೇಳಿದ್ದು ಇಷ್ಟೇ: ಸೋಫಾ ಇಳಿಸುವಾಗ ಬೂದು ಬಣ್ಣದ್ದೇನೋ ಹಾರಿ ಹಿಂದಿನ ಬಾಗಿಲಿಂದ ಓಡಿತು. ಆ ಜಾಗ ನಮ್ಮ ಮನೆಯಿಂದ 60 ಕಿಲೋಮೀಟರ್.

19 ದಿನ ಹುಡುಕಿದೆವು. ಮನೆಯೊಳಗೇ ಬೆಳೆದ ಬೆಕ್ಕು ಹೊರಗೆ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಬಹಳ ದೂರ ಹೋಗುವುದಿಲ್ಲ. ತಪ್ಪಿಸಿಕೊಂಡ ಜಾಗದ ಹತ್ತಿರವೇ ಎಲ್ಲೋ ಅಡಗಿ, ಕರೆದರೂ ಉಸಿರೆತ್ತದೆ ಕೂರುತ್ತದೆ. ನಮಗೆ ಇದು ಗೊತ್ತಾಗಿದ್ದು ಒಂದು ವಾರ ಕಳೆದ ಮೇಲೆ. ಅಲ್ಲಿವರೆಗೆ ದೊಡ್ಡ ರಸ್ತೆಗಳಲ್ಲಿ ಹೆಸರು ಕೂಗುತ್ತ ಅಲೆದಿದ್ದೆವು. ಆಮೇಲೆ ರಾತ್ರಿ ಟಾರ್ಚ್ ಹಿಡಿದು, ನೆಲಕ್ಕೆ ಬಗ್ಗಿ, ಗಾಡಿಗಳ ಕೆಳಗೆ, ಮರದ ರಾಶಿಗಳ ಸಂದಿಯಲ್ಲಿ ಹೊಳೆಯುವ ಕಣ್ಣು ಹುಡುಕಿದೆವು. ಸುತ್ತಲಿನ ಪ್ರಾಣಿ ಆಸ್ಪತ್ರೆಗಳಿಗೆಲ್ಲ ಫೋಟೋ ಕೊಟ್ಟು ಬಂದೆವು. ನೀವು ಯಾವತ್ತಾದರೂ ಈ ಸ್ಥಿತಿಗೆ ಬಂದರೆ ದಯವಿಟ್ಟು ಮೊದಲ ದಿನವೇ ಹತ್ತಿರದ ಜಾಗದಿಂದ ಶುರು ಮಾಡಿ.

ಕೊನೆಗೆ ಸಿಕ್ಕಿದ್ದು ಎರಡೇ ಬೀದಿ ಆಚೆ, ಹಲಗೆಗಳ ರಾಶಿಯ ಕೆಳಗೆ. ಯಾರೋ ಪುಣ್ಯಾತ್ಮರು ಎತ್ತಿಕೊಂಡು ಆಸ್ಪತ್ರೆಗೆ ಒಯ್ದಿದ್ದರು. ಫೋಟೋದಲ್ಲಿದ್ದ ಬೆಕ್ಕಿಗೂ ಅಲ್ಲಿ ಮೇಜಿನ ಮೇಲಿದ್ದ ಬೆಕ್ಕಿಗೂ ಹೋಲಿಕೆಯೇ ಇರಲಿಲ್ಲವಂತೆ, ಅಷ್ಟು ಕೆಟ್ಟಿತ್ತು ಕೂದಲು. ಅವಳನ್ನು ಗುರುತಿಸಿದ್ದು ಹೆಗಲ ನಡುವೆ ಚರ್ಮದ ಕೆಳಗೆ ಹಾಕಿಸಿದ್ದ ಮೈಕ್ರೋಚಿಪ್. ಹೆಗಲ ನಡುವೆ ಸ್ಕ್ಯಾನರ್ ಹಿಡಿದಾಗ ಏನೂ ಬರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಅಲ್ಲಿದ್ದ ನರ್ಸ್ ಸ್ಕ್ಯಾನರನ್ನು ನಿಧಾನವಾಗಿ ಇಡೀ ಮೈಮೇಲೆ ಆಡಿಸಿದರು. ಬಲ ಮುಂಗಾಲಿನ ಮೊಣಕೈ ಹತ್ತಿರ ಅದು ಬೀಪ್ ಎಂದಿತು. ಚಿಪ್ ಜಾರಿ ಅಲ್ಲಿಗೆ ಹೋಗಿತ್ತು.

ಚಿಪ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅದು ಜಿಪಿಎಸ್ ಅಲ್ಲ. ಬೆಕ್ಕು ಎಲ್ಲಿದೆ ಅಂತ ಹೇಳುವುದಿಲ್ಲ. ಅಕ್ಕಿಕಾಳಿನಷ್ಟು ದೊಡ್ಡದು, ಸುಮಾರು 12 ಮಿಲಿಮೀಟರ್, ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಬಂದಾಗ ಅದರ ಶಕ್ತಿಯಿಂದಲೇ ಎಚ್ಚರಗೊಂಡು ಒಂದು ನಂಬರ್ ಹೇಳುತ್ತದೆ, ಅಷ್ಟೇ. ಈಗ ಹೆಚ್ಚಿನ ಕಡೆ ಬಳಸುವ ಐಎಸ್ಒ ಎಂಬ ಅಂತರರಾಷ್ಟ್ರೀಯ ಮಾನದಂಡದ ಚಿಪ್‌ಗೆ 15 ಅಂಕಿಯ ನಂಬರ್, ಅದನ್ನು ಓದುವ ರೇಡಿಯೋ ಅಲೆ 134.2 ಕಿಲೋಹರ್ಟ್ಸ್. ಆ ನಂಬರಿನ ಎದುರು ನಿಮ್ಮ ಈಗಿನ ಫೋನ್ ನಂಬರ್ ನೋಂದಣಿ ಆಗಿರದಿದ್ದರೆ ಚಿಪ್ ಇದ್ದೂ ಇಲ್ಲದ ಹಾಗೆ. ನಾವು ಆ ನೋಂದಣಿಯಲ್ಲಿ ನಮ್ಮ ಹೊಸ ಫೋನ್ ನಂಬರ್ ಹಾಕಿಸಿದ್ದು ಆ ಘಟನೆಗೆ ಬರೀ ನಾಲ್ಕು ತಿಂಗಳ ಹಿಂದೆ. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಬೆಕ್ಕು ಹೀಗೆ ಅಚಾನಕ್ಕಾಗಿ ಪ್ರಯಾಣ ಹೊರಡುವುದು ನಮ್ಮ ಮನೆಯ ಕತೆ ಮಾತ್ರ ಅಲ್ಲ. 2005ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಎಮಿಲಿ ಎಂಬ ಬೆಕ್ಕು ಕಾಗದದ ಕಟ್ಟುಗಳಿದ್ದ ಕಂಟೇನರಿನೊಳಗೆ ಸೇರಿ, ಸಮುದ್ರ ದಾಟಿ ಫ್ರಾನ್ಸ್‌ನಲ್ಲಿ ಇಳಿದಿತ್ತು. ಕೊರಳಪಟ್ಟಿಯ ಬಿಲ್ಲೆ ನೋಡಿ ಮನೆ ಪತ್ತೆ ಮಾಡಿ, ವಿಮಾನದಲ್ಲಿ ವಾಪಸ್ ಕಳಿಸಿದರು. 2024ರಲ್ಲಿ ಅಮೆರಿಕದ್ದೇ ಯೂಟಾದ ಗಲೀನಾ ಎಂಬ ಬೆಕ್ಕು, ವಾಪಸ್ ಕಳಿಸುತ್ತಿದ್ದ ಬೂಟುಗಳ ಪೆಟ್ಟಿಗೆಯೊಳಗೆ ಹಾರಿ ಕೂತು, ಮನೆಯವರು ನೋಡದೆ ಟೇಪ್ ಹಚ್ಚಿದ್ದರಿಂದ, ಆರು ದಿನ ಅನ್ನ ನೀರಿಲ್ಲದೆ ಕ್ಯಾಲಿಫೋರ್ನಿಯಾದ ಗೋದಾಮು ತಲುಪಿತು. ಅವಳನ್ನು ಮನೆಗೆ ತಲುಪಿಸಿದ್ದೂ ಚಿಪ್ಪೇ. ಪೆಟ್ಟಿಗೆ ಮುಚ್ಚುವ ಮೊದಲು, ಸಾಮಾನು ಗಾಡಿಗೆ ಏರಿಸುವ ಮೊದಲು, ಮನೆಯ ಬೆಕ್ಕುಗಳನ್ನು ಒಮ್ಮೆ ಕಣ್ಣಾರೆ ಎಣಿಸಿ. ನಾವು ಈಗ ಹಾಗೇ ಮಾಡುತ್ತೇವೆ.

ಸರಿ, ಬಾಚಣಿಗೆಗೆ ಬರುತ್ತೇನೆ.

ಮೋಡಳನ್ನು ನೋಡಲು ಹೋದಾಗ ಅವಳ ಬೆನ್ನು ಮುಟ್ಟಿದೆ. ಚಾಪೆ ಮುಟ್ಟಿದ ಹಾಗಿತ್ತು. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕಿವಿಯ ಹಿಂದೆ, ಬಾಲದ ಬುಡದಲ್ಲಿ ಕೂದಲು ಗಂಟುಗಟ್ಟಿ, ಒಂದು ಗಂಟು ಇನ್ನೊಂದಕ್ಕೆ ಸೇರಿ ಹಲಗೆಯಾಗಿತ್ತು. ಅವಳು ಕಾಲು ಎತ್ತಿದರೆ ಚರ್ಮ ಎಳೆಯುತ್ತಿತ್ತು, ಅದಕ್ಕೇ ಕುಂಟುತ್ತಿದ್ದಳು. ಮೊದಲು ರಕ್ತ ಪರೀಕ್ಷೆ ಮಾಡಿದರು. ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ತುಂಬಿ ಜೀವಕ್ಕೇ ಅಪಾಯವಂತೆ, ಆದ್ದರಿಂದ ಊಟವನ್ನೂ ಸ್ವಲ್ಪಸ್ವಲ್ಪವಾಗಿ ಶುರು ಮಾಡಿಸಿದರು. ಎರಡು ದಿನ ಬಿಟ್ಟು ಮೈ ಬೋಳಿಸಿದರು. ಕೆಳಗೆ ಚರ್ಮ ಕೆಂಪಗೆ, ಅಲ್ಲಲ್ಲಿ ಹಸಿಯಾಗಿತ್ತು.

ಆಗ ಡಾಕ್ಟರ್ ಹೇಳಿದ ಮಾತು ನಾನು ಮರೆಯುವುದಿಲ್ಲ. ಕಂಕುಳಿನ ಒಂದು ಗಂಟು ಕೈಯಲ್ಲಿ ಹಿಡಿದು, "ಇದು 19 ದಿನದ್ದಲ್ಲ. ಇದಕ್ಕೆ ತಿಂಗಳುಗಳೇ ಆಗಿವೆ" ಎಂದರು.

ನಾನು ಅವಳನ್ನು ದಿನಾ ಬ್ರಷ್ ಮಾಡುತ್ತಿದ್ದೆ. ನಿಜವಾಗಿ ದಿನಾ. ಮೃದುವಾದ ಬ್ರಷ್, ಅವಳಿಗೂ ಇಷ್ಟ, ಮೇಲ್ಗಡೆ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಆದರೆ ಬ್ರಷ್ ಮೇಲಿನ ಎರಡು ಬೆರಳಷ್ಟು ಕೂದಲನ್ನು ಮಾತ್ರ ಸವರುತ್ತಿತ್ತು. ಕೆಳಗೆ, ಚರ್ಮದ ಹತ್ತಿರ, ಉದುರಿದ ಸಣ್ಣ ತುಪ್ಪಳ ಹೊರಗೆ ಬರಲು ದಾರಿ ಇಲ್ಲದೆ ಅಲ್ಲೇ ಸುತ್ತಿಕೊಂಡು ಗಂಟಾಗುತ್ತಿತ್ತು. ನನ್ನ ಕೈಯ ಕೆಳಗೇ ಇಷ್ಟು ದಿನ ಅವಳಿಗೆ ನೋವಿತ್ತು ಎಂದು ತಿಳಿದಾಗ ಬಹಳ ಸಂಕಟವಾಯಿತು.

ಬೆಕ್ಕು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ, ನಾವ್ಯಾಕೆ ಬಾಚಬೇಕು ಎಂದು ಕೇಳುವವರಿಗೆ ಒಂದು ಒಳ್ಳೆಯ ಉತ್ತರ ಇದೆ. 2018ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವಾದ ಜಾರ್ಜಿಯಾ ಟೆಕ್‌ನ ಸಂಶೋಧಕರು ಸಾಕು ಬೆಕ್ಕಿನಿಂದ ಹಿಡಿದು ಹುಲಿ, ಸಿಂಹದವರೆಗೆ ಆರು ಜಾತಿಗಳ ನಾಲಿಗೆಯನ್ನು ನೋಡಿದರು. ನಾಲಿಗೆಯ ಮುಳ್ಳುಗಳ ತುದಿ ಚಮಚದ ಹಾಗೆ ತೋಡಿಕೊಂಡಿದೆ, ಅದರಲ್ಲಿ ಎಂಜಲು ತುಂಬಿಕೊಂಡು ಕೂದಲಿನ ಬುಡಕ್ಕೆ ತಲುಪುತ್ತದೆ. ಆದರೆ ಪರ್ಷಿಯನ್ ಬೆಕ್ಕಿನಲ್ಲಿ ಲೆಕ್ಕ ತಪ್ಪುತ್ತದೆ. ಅದರ ಕೂದಲನ್ನು ಒತ್ತಿ ಮಲಗಿಸಿದರೂ ಆ ಮುಳ್ಳು ಚರ್ಮ ಮುಟ್ಟುವುದಿಲ್ಲ. ಅಂದರೆ ಎಷ್ಟು ನೆಕ್ಕಿದರೂ ಅದಕ್ಕೆ ತನ್ನ ಬುಡ ಸಿಗುವುದಿಲ್ಲ. ಆ ಕೂದಲು ಮನುಷ್ಯರು ಚಂದಕ್ಕೆಂದು ಆರಿಸಿ ಆರಿಸಿ ಬೆಳೆಸಿದ್ದು. ಹಾಗಿದ್ದ ಮೇಲೆ ಬುಡದವರೆಗೆ ಬಾಚುವ ಕೆಲಸವೂ ಮನುಷ್ಯರದ್ದೇ ಅಲ್ವಾ?

ಈ ಬಾಚಣಿಗೆ ನನಗೆ ಇಷ್ಟವಾಗಿರುವುದು ಇದೇ ಕಾರಣಕ್ಕೆ. ಹಲ್ಲು ಸುಮಾರು ಮೂರು ಸೆಂಟಿಮೀಟರ್ ಉದ್ದ ಇದೆ, ಚರ್ಮ ಮುಟ್ಟುತ್ತದೆ. ತುದಿ ದುಂಡಗಿದೆ, ಕೆರೆಯುವುದಿಲ್ಲ. ಮತ್ತೆ ಇದು ಸುಳ್ಳು ಹೇಳುವುದಿಲ್ಲ. ಬ್ರಷ್ ಗಂಟಿನ ಮೇಲೆ ಸುಮ್ನೆ ಜಾರಿಹೋಗುತ್ತದೆ, ಬಾಚಣಿಗೆ ಅಲ್ಲೇ ನಿಂತುಬಿಡುತ್ತದೆ. ನಿಂತಲ್ಲಿ ಗಂಟಿದೆ ಎಂದೇ ಅರ್ಥ. ಇನ್ನೂ ಅವರೆಕಾಳಿನಷ್ಟಿರುವಾಗಲೇ ಸಿಗುತ್ತದೆ, ಬೆರಳಲ್ಲೇ ಬಿಡಿಸಬಹುದು.

ಬಳಸುವ ರೀತಿಯೂ ಮುಖ್ಯ. ನಾನು ಮೇಲಿಂದ ಕೆಳಕ್ಕೆ ಎಳೆಯುತ್ತ ಹೋಗುವುದಿಲ್ಲ. ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಚರ್ಮದ ಗೆರೆ ಕಾಣುವ ಹಾಗೆ ಬೈತಲೆ ಮಾಡಿ, ಅಲ್ಲಿಂದ ಸ್ವಲ್ಪಸ್ವಲ್ಪವೇ ಬಿಡುತ್ತ ಬಾಚುತ್ತೇನೆ. ಮೊದಲು ಬಿಡಿ ಹಲ್ಲಿನ ಕಡೆ, ಅದು ಸಲೀಸಾಗಿ ಹೋದರೆ ಮಾತ್ರ ಒತ್ತು ಹಲ್ಲಿನ ಕಡೆ. ಗಂಟು ಸಿಕ್ಕಿದರೆ ಗಂಟಿಗೂ ಚರ್ಮಕ್ಕೂ ನಡುವೆ ಕೂದಲನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿಯುತ್ತೇನೆ, ಆಗ ಎಳೆತ ಚರ್ಮಕ್ಕೆ ಹೋಗುವುದಿಲ್ಲ. ಆಮೇಲೆ ಗಂಟಿನ ಅಂಚಿನಿಂದ, ಒಂದೊಂದು ಹಲ್ಲಿನಿಂದ ಬಿಡಿಸುವುದು. ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ಉಜ್ಜಿದರೆ ಇನ್ನೂ ಸುಲಭ. ಐದು ನಿಮಿಷ ಸಾಕು. ಬಾಲ ಪಟಪಟ ಬಡಿಯಲು ಶುರುವಾದರೆ ನಿಲ್ಲಿಸಿಬಿಡುತ್ತೇನೆ, ಉಳಿದದ್ದು ನಾಳೆ.

ಕತ್ತರಿ ಮಾತ್ರ ಬೇಡ, ದಯವಿಟ್ಟು ಬೇಡ. ಬೆಕ್ಕಿನ ಚರ್ಮ ತೀರಾ ತೆಳು, ಗಂಟಿನ ಜೊತೆ ಅದೂ ಮೇಲೆದ್ದು ಬಂದಿರುತ್ತದೆ, ಎಲ್ಲಿ ಕೂದಲು ಮುಗಿದು ಎಲ್ಲಿ ಚರ್ಮ ಶುರುವಾಯಿತು ಎಂದು ಕಣ್ಣಿಗೆ ಕಾಣುವುದಿಲ್ಲ. ಬಿಡಿಸಲಾಗದ ಗಂಟಾದರೆ ಡಾಕ್ಟರ್ ಹತ್ತಿರ ಮೆಷಿನ್ನಿಂದ ತೆಗೆಸಿ. ಗಂಟಿರುವಾಗ ಸ್ನಾನ ಮಾಡಿಸುವುದೂ ತಪ್ಪು, ನೀರು ಬಿದ್ದು ಒಣಗಿದರೆ ಗಂಟು ಇನ್ನೂ ಬಿಗಿಯಾಗುತ್ತದೆ.

ಬೇರೆ ಸಾಮಾನುಗಳನ್ನೂ ಪ್ರಯತ್ನಿಸಿದ್ದೇನೆ. ಸಣ್ಣ ತಂತಿಗಳ ಸ್ಲಿಕರ್ ಬ್ರಷ್ ಬಾಲಕ್ಕೂ ಹಿಂಗಾಲಿನ ಜೂಲಿಗೂ ಚೆನ್ನಾಗಿದೆ, ಆದರೆ ಒಂದೇ ಕಡೆ ಒತ್ತಿ ಎಳೆದರೆ ಚರ್ಮ ಉರಿಯುತ್ತದೆ. ಬ್ಲೇಡ್ ಇರುವ ಕೂದಲು ತೆಗೆಯುವ ಉಪಕರಣ ಒಂದೇ ಸಲಕ್ಕೆ ರಾಶಿ ತುಪ್ಪಳ ಹೊರಗೆ ಹಾಕುತ್ತದೆ, ನೋಡಲು ಬಹಳ ಸಮಾಧಾನ. ಆದರೆ ಜಾಸ್ತಿ ಬಳಸಿದರೆ ಮೇಲಿನ ಉದ್ದ ಕೂದಲನ್ನೂ ಕತ್ತರಿಸುತ್ತದೆ. ನಮ್ಮ ಇನ್ನೊಂದು ಬೆಕ್ಕು ಬೆಳ್ಳಿಯ ಬೆನ್ನು ಒಂದು ತಿಂಗಳು ಇಲಿ ಕಡಿದ ಹಾಗೆ ಕಾಣುತ್ತಿತ್ತು. ಅದನ್ನು ನಿಲ್ಲಿಸಿದೆ. ರಬ್ಬರ್ ಕೈಗವಸು ಬರೀ ಮುದ್ದು ಮಾಡಲು ಸರಿ.

ಮೂರು ಬೆಕ್ಕಿನ ಕೂದಲೂ ಒಂದೇ ಥರ ಅಲ್ಲ. ಮೋಡಳದ್ದು ಹತ್ತಿಯ ಹಾಗೆ, ಒಳತುಪ್ಪಳವೇ ಜಾಸ್ತಿ, ಒಂದು ದಿನ ಬಿಟ್ಟರೂ ಗೊತ್ತಾಗುತ್ತದೆ. ಹುಲಿ ಎಂದು ಹೆಸರಿಟ್ಟಿರುವ ಬೆಕ್ಕು ಮೇನ್ ಕೂನ್ ಜಾತಿಯದ್ದು. ಹೆಗಲ ಮೇಲೆ ಕೂದಲು ಗಿಡ್ಡ, ಹೊಟ್ಟೆ ಮತ್ತು ಹಿಂಗಾಲಿನಲ್ಲಿ ಉದ್ದ, ರೇಷ್ಮೆಯಂಥದ್ದು. ವಾರಕ್ಕೆ ಮೂರು ಸಲ ಸಾಕು, ಆದರೆ ಕಂಕುಳು ಮರೆಯುವ ಹಾಗಿಲ್ಲ. ಬೆಳ್ಳಿ ಯಾವ ಜಾತಿಯೂ ಅಲ್ಲ, ಅವಳ ತಾಯಿಗೆ ಗಿಡ್ಡ ಕೂದಲು. ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಎಫ್‌ಜಿಎಫ್5 ಎಂಬ ಒಂದು ಜೀನ್ ಕೂದಲಿಗೆ ಇನ್ನು ಬೆಳೆದದ್ದು ಸಾಕು ಎಂದು ಹೇಳುತ್ತದೆ. ಅದರ ಕೆಟ್ಟ ಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಕೂದಲು ಹೆಚ್ಚು ಕಾಲ ಬೆಳೆದು ಉದ್ದವಾಗುತ್ತದೆ. ತಂದೆ ತಾಯಿ ಇಬ್ಬರಿಗೂ ಗಿಡ್ಡ ಕೂದಲಿದ್ದರೂ ಇಂಥ ಮರಿ ಹುಟ್ಟಬಹುದು. ಬೀದಿಯಿಂದ ತಂದ ಮರಿಗೂ ಈ ಬಾಚಣಿಗೆ ಬೇಕಾಗಬಹುದು ಎನ್ನುವುದಕ್ಕೆ ಇದನ್ನು ಹೇಳಿದೆ.

ಕೊರತೆ ಇಲ್ಲವೆಂದಲ್ಲ. ಹಿಡಿ ಇಲ್ಲದ್ದರಿಂದ ಮೂರನೇ ಬೆಕ್ಕಿಗೆ ಬರುವ ಹೊತ್ತಿಗೆ ಹೆಬ್ಬೆರಳು ನೋಯುತ್ತದೆ. ಒಣ ಹವೆಯಲ್ಲಿ ಕೂದಲಿಗೆ ಕರೆಂಟ್ ಹಿಡಿದು ಚಟ್ ಎನ್ನುತ್ತದೆ, ಬೆಕ್ಕು ಬೆಚ್ಚುತ್ತದೆ. ಅಂಗೈ ಸ್ವಲ್ಪ ಒದ್ದೆ ಮಾಡಿ ಸವರಿದರೆ ಸರಿಹೋಗುತ್ತದೆ. ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದು ಒಂದು ಹಲ್ಲು ಬಾಗಿತ್ತು. ಅದರಿಂದ ಗೀರು ಬೀಳಬಹುದು, ಆದ್ದರಿಂದ ವಾರಕ್ಕೊಮ್ಮೆ ತುದಿಗಳನ್ನು ನನ್ನ ಮಣಿಕಟ್ಟಿನ ಒಳಬದಿಗೆ ಎಳೆದು ನೋಡುತ್ತೇನೆ. ಕೊಳ್ಳುವಾಗಲೂ ಹೀಗೇ ನೋಡಿ. ನಿಮಗೆ ಚುಚ್ಚಿದರೆ ಬೆಕ್ಕಿಗೆ ಬೇಡ.

ಬೋಳಿಸಿದ ಮೇಲೆ ಮೋಡಳ ಕೂದಲು ಪೂರ್ತಿ ಬರಲು ಆರು ತಿಂಗಳು ಹಿಡಿಯಿತು. ಮೊದಮೊದಲು ಬಾಚಣಿಗೆ ಕಂಡರೆ ಮೇಜಿನ ಕೆಳಗೆ ಓಡುತ್ತಿದ್ದಳು. ಎರಡು ವಾರ ಬಾಚಲಿಲ್ಲ, ಪಕ್ಕದಲ್ಲಿ ಇಟ್ಟುಕೊಂಡು ಕೂತೆ ಅಷ್ಟೇ. ಈಗ ರಾತ್ರಿ ಊಟ ಆದ ಮೇಲೆ ತಾನೇ ಬಂದು ಮಡಿಲಲ್ಲಿ ಬಿದ್ದು, ಬಲಗಾಲು ಚಾಚಿ ಕಂಕುಳು ತೋರಿಸುತ್ತಾಳೆ. ಮೊಣಕೈ ಹತ್ತಿರ ಬಂದಾಗ ಹಲ್ಲಿನ ತುದಿಗೆ ಸಣ್ಣ ಕಾಳಿನಂಥದ್ದು ತಾಗುತ್ತದೆ. ಅಲ್ಲಿ ಮಾತ್ರ ಬಾಚಣಿಗೆ ಪಕ್ಕಕ್ಕಿಟ್ಟು ಬೆರಳಲ್ಲಿ ಬಿಡಿಸುತ್ತೇನೆ.