ಒಂದೇ ಆಂಪ್, ಎರಡು ಟ್ಯೂಬ್: 6ವಿ6 ಇರಲಾ, ಇಎಲ್84 ಇರಲಾ?

ಮನೆಯಲ್ಲೇ ಸುಮಾರು 5 ವಾಟ್‌ನ ಟ್ಯೂಬ್ (ವ್ಯಾಕ್ಯೂಮ್ ಟ್ಯೂಬ್) ಗಿಟಾರ್ ಆಂಪ್ಲಿಫೈಯರ್, ಅಂದರೆ ಆಂಪ್, ಕಟ್ಟುವುದಾದರೆ ಸ್ಪೀಕರಿಗೆ ಬಲ ಕೊಡುವ ಪವರ್ ಟ್ಯೂಬಿಗೆ ಹೆಚ್ಚಾಗಿ ಕೇಳಿಬರುವ ಹೆಸರು ಎರಡು. ಫೆಂಡರ್ ಚಾಂಪ್ ಆಂಪ್‌ನಲ್ಲಿರುವ 6ವಿ6, ವಾಕ್ಸ್ ಎಸಿ30 ಆಂಪ್‌ನಲ್ಲಿರುವ ಇಎಲ್84. ಯಾವುದು ಚೆಂದ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದಕ್ಕೇ ಒಂದೇ ಚಾಸಿಯಲ್ಲಿ ಎರಡಕ್ಕೂ ಸಾಕೆಟ್ ಕೂರಿಸಿದೆ. ಮುಂದೆ ಗಿಟಾರ್ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಅದೇ 12ಎಎಕ್ಸ್7 ಟ್ಯೂಬ್, ಹಿಂದೆ ಪವರ್ ಟ್ಯೂಬನ್ನು ಸ್ಪೀಕರಿಗೆ ಹೊಂದಿಸುವ ಅದೇ 5 ಕಿಲೋ ಓಮ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅದೇ ಸ್ಪೀಕರ್. ಬದಲಾಗುವುದು ಪವರ್ ಟ್ಯೂಬ್ ಮಾತ್ರ ಅಂದುಕೊಂಡಿದ್ದೆ.

6ವಿ6 ಮೊದಲ ದಿನವೇ ನುಡಿಯಿತು. ಎಂಟು ಪಿನ್ನಿನ ದೊಡ್ಡ ಸಾಕೆಟ್, ಬೆಸುಗೆ ಹಾಕಲು ಕೈಯಾಡುತ್ತದೆ. ಸಪ್ಲೈ ಸುಮಾರು 325 ವೋಲ್ಟ್, ಕ್ಯಾಥೋಡಿಗೆ (ಟ್ಯೂಬಿನಲ್ಲಿ ಎಲೆಕ್ಟ್ರಾನ್ ಹೊರಡುವ ತುದಿ) 470 ಓಮ್ ರೆಸಿಸ್ಟರ್. ರೆಸಿಸ್ಟರ್ ಮೇಲೆ ಮೀಟರ್ 19 ವೋಲ್ಟ್ ತೋರಿಸಿತು, ಅಂದರೆ 40 ಮಿಲಿಆಂಪ್. ಸ್ಕ್ರೀನ್ (ಟ್ಯೂಬಿನೊಳಗಿನ ಒಂದು ಜಾಲರಿ) ಎಳೆಯುವ ಪಾಲು ಕಳೆದರೆ ಪ್ಲೇಟ್ (ಎಲೆಕ್ಟ್ರಾನ್ ಬಂದು ಸೇರುವ ಲೋಹದ ಹಾಳೆ) ಮೇಲೆ ಸುಮಾರು 11 ವಾಟ್. ಮಿತಿ 12 ವಾಟ್, ಹಾಗಾಗಿ ತೊಂದರೆಯಿಲ್ಲ.

ಇಎಲ್84 ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಡೇಟಾಶೀಟ್ ನೋಡಿ ಕ್ಯಾಥೋಡಿಗೆ 130 ಓಮ್ ಹಾಕಿದೆ, ಸಪ್ಲೈ ಮಾತ್ರ ಹಾಗೇ ಬಿಟ್ಟೆ. ಒಂದು ನಿಮಿಷದಲ್ಲಿ ಪ್ಲೇಟ್ ಕೆಂಪಾಯಿತು. ತಕ್ಷಣ ಆರಿಸಿದೆ. ಆ ರೆಸಿಸ್ಟರ್ ಲೆಕ್ಕ 250 ವೋಲ್ಟಿಗೆ ಇದ್ದದ್ದು, ಟ್ಯೂಬಿನ ಮಿತಿಯೇ 300 ವೋಲ್ಟ್. ಸಪ್ಲೈಗೆ 1 ಕಿಲೋ ಓಮ್, 10 ವಾಟ್‌ನ ರೆಸಿಸ್ಟರ್ ಸೇರಿಸಿ 270ಕ್ಕೆ ಇಳಿಸಿದೆ, ಕ್ಯಾಥೋಡಿಗೆ 180 ಓಮ್ ಹಾಕಿದೆ. ಆಮೇಲೆ ಕೆಂಪು ಕಾಣಲಿಲ್ಲ.

ಆದರೆ ಕೀರಲು ಶಬ್ದ ಶುರುವಾಯಿತು. ಗ್ರಿಡ್ಡಿನಲ್ಲಿ (ಸಿಗ್ನಲ್ ಒಳಬರುವ ತುದಿ) ಒಂದು ವೋಲ್ಟ್ ಅಲುಗಿದರೆ ಇಎಲ್84ರಲ್ಲಿ ಕರೆಂಟ್ ಸುಮಾರು 11 ಮಿಲಿಆಂಪ್ ಬದಲಾಗುತ್ತದೆ, 6ವಿ6ರಲ್ಲಿ 4 ಅಷ್ಟೇ. ಅಷ್ಟು ಚುರುಕಾದ ಟ್ಯೂಬಿಗೆ ವೈರ್ ಸ್ವಲ್ಪ ಉದ್ದವಾದರೂ ಸಾಕು, ತಾನೇ ಕೂಗತೊಡಗುತ್ತದೆ. ಗ್ರಿಡ್ಡಿನ 2ನೇ ಪಿನ್ನಿಗೆ ಅಂಟಿದಂತೆಯೇ 4.7 ಕಿಲೋ ಓಮ್ ಬೆಸೆದ ಮೇಲೆ ಸುಮ್ಮನಾಯಿತು. ಹೀಟರ್ (ಟ್ಯೂಬನ್ನು ಒಳಗಿನಿಂದ ಕಾಯಿಸುವ ತಂತಿ) ಕೂಡ ನೋಡಿಕೊಳ್ಳಿ: 6ವಿ6ಗೆ 0.45 ಆಂಪಿಯರ್, ಇಎಲ್84ಗೆ 0.76. ಇಎಲ್84 ಜೊತೆ 12ಎಎಕ್ಸ್7ನ 0.3 ಸೇರಿದರೆ ಒಂದು ಆಂಪಿಯರ್ ದಾಟುತ್ತದೆ, ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಬೇಕು.

ಪ್ರತಿ ಬಾರಿ ಟ್ಯೂಬ್ ಬದಲಿಸುವ ಮೊದಲು ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್ ಖಾಲಿಯಾಗುವ ತನಕ ಕಾದು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕುತ್ತಿದ್ದೆ. ಕಾಯುವುದು ಬೇಗ ಮುಗಿಯಲಿ ಅಂತ ಕೆಪಾಸಿಟರಿಗೆ ಅಡ್ಡಲಾಗಿ 220 ಕಿಲೋ ಓಮ್ ಇಟ್ಟಿದ್ದೇನೆ. ಇದನ್ನು ದಯವಿಟ್ಟು ಬಿಡಬೇಡಿ. ಇಲ್ಲಿರುವುದು ಜೀವ ತೆಗೆಯುವ ವೋಲ್ಟೇಜ್.

ಇನ್ನು ಸದ್ದಿನ ಮಾತು. ವಾಲ್ಯೂಮ್ ನಾಬನ್ನು ಒಂದೇ ಜಾಗದಲ್ಲಿಟ್ಟು ನುಡಿಸಿದರೆ ಇಎಲ್84ರ ಸದ್ದು ಬೇಗ ಒಡೆಯುತ್ತದೆ (ಡಿಸ್ಟಾರ್ಷನ್ ಬರುತ್ತದೆ), ಎರಡು ತಂತಿ ಜೋರಾಗಿ ಮೀಟಿದರೆ ಸಾಕು. 6ವಿ6 ಅದೇ ಜಾಗದಲ್ಲಿ ತಿಳಿಯಾಗಿ, ದುಂಡಗೆ ಹಾಡುತ್ತಿರುತ್ತದೆ. ಜನ ಹೇಳುವ ವ್ಯತ್ಯಾಸ ಇದೇ ಅಲ್ವಾ ಅನ್ನಿಸಿತು. ಆದರೂ ಒಂದು ಅನುಮಾನ ಉಳಿಯಿತು. 6ವಿ6 ಪೂರ್ತಿ ದುಡಿಯಲು ಅದರ ಗ್ರಿಡ್ಡಿಗೆ 19 ವೋಲ್ಟಿನಷ್ಟು ಸಿಗ್ನಲ್ ಬೇಕು, ಇಎಲ್84ಗೆ 8 ಸಾಕು. ಅಂದರೆ ನಾನು ಎರಡನ್ನೂ ಒಂದೇ ಅಳತೆಯಲ್ಲಿ ದುಡಿಸಿರಲೇ ಇಲ್ಲ. ಇಎಲ್84ರ ಮುಂದೆ ಎರಡು ರೆಸಿಸ್ಟರ್ ಇಟ್ಟು ಸಿಗ್ನಲ್ಲನ್ನು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಾಡಿ ಮತ್ತೆ ನುಡಿಸಿದೆ. ಮುಕ್ಕಾಲು ಪಾಲು ವ್ಯತ್ಯಾಸ ಅಲ್ಲೇ ಕರಗಿತು! ಉಳಿದದ್ದು ಇಎಲ್84ರ ಮೇಲಿನ ಸ್ವರಗಳಲ್ಲಿ ಒಂದಿಷ್ಟು ಮಿನುಗು, 6ವಿ6ರಲ್ಲಿ ಮೀಟಿದ ಕ್ಷಣದ ಮೆತ್ತನೆ.

ಮೊದಲ ಸಲ ಕಟ್ಟುವವರಿಗೆ ನಾನು 6ವಿ6 ಅನ್ನುತ್ತೇನೆ, ಅದು ತಪ್ಪನ್ನು ಜಾಸ್ತಿ ತಾಳಿಕೊಳ್ಳುತ್ತದೆ. ಪೆಡಲ್ ಇಲ್ಲದೆ, ನಾಬ್ ಹೆಚ್ಚು ತಿರುಗಿಸದೆ ಒಡೆದ ಸದ್ದು ಬೇಕೆನ್ನುವವರಿಗೆ ಇಎಲ್84, ಆ ಎರಡು ರೆಸಿಸ್ಟರ್ ಇಲ್ಲದೆಯೇ. ನನ್ನ ಚಾಸಿಯಲ್ಲಿ ಈಗ ಉಳಿದಿರುವುದು 6ವಿ6.